ಪುಣೆಯ ರೋಗಿಗಳು

ಇಟ್ಟಮಡು, ಬೆಂಗಳೂರು
14 ಜೂನ್ 2023

ಚಿ. ಕೈಲಾಸನಿಗೆ ಅಕ್ಕನ ಆಶೀರ್ವಾದ.

ಭಾನುವಾರ ಫೋನಿನಲ್ಲಿ ನೀನು ಕಾಲು ಹೇಗಿದೆ ಎಂದೆ, ನಾನು ಇದೆ ಎಂದೆ, ಅಲ್ಲಿಗೆ ನಮ್ಮ ಮಾತುಕತೆ ಮುಗಿಯಿತು. ನಿನಗೆ ಫೋನಿನಲ್ಲಿ ಬಾಯಿ ಬರುವುದಿಲ್ಲ. ನನಗೆ ಮನೆ ಓನರ್ ಮುನಿಲಕ್ಷ್ಮಮ್ಮನವರು ಮಂಚದ ತುದಿಯಲ್ಲಿ ಕುಳಿತು ಒಂದೊಂದು ಮಾತಿಗೂ ಕಿವಿಗೊಡುತ್ತಿದ್ದರೆ ಮಾತು ಹೊರಡುವುದಿಲ್ಲ. ಒಳ್ಳೆಯ ಹೆಂಗಸು. ನನಗೋಸ್ಕರ ಬೇರೆ ಪಾತ್ರೆಯಲ್ಲಿ ಸೊಪ್ಪಿನ ಸಾರು ಮಾಡಿ ತಂದಿಡುತ್ತಾರೆ. ಆದರೆ ನನ್ನ ಕಾಲಿನ ಸುದ್ದಿ ನನಗಿಂತ ಮೊದಲು ಬೀದಿಗೆಲ್ಲ ಗೊತ್ತಿರುತ್ತದೆ. ಅದಕ್ಕೇ ಕಾಗದ ಹಿಡಿದೆ. ಇಷ್ಟು ವರ್ಷ ಹೈಸ್ಕೂಲು ಮಕ್ಕಳಿಗೆ ಪತ್ರಲೇಖನ ಕಲಿಸಿದ್ದೇನೆ, ಒಂದನ್ನಾದರೂ ನಿಜಕ್ಕೂ ಬರೆಯೋಣ ಅಂತ.

ವಿಷಯ ಇದು. ಫೆಬ್ರವರಿಯಲ್ಲಿ ಕತ್ರಿಗುಪ್ಪೆಯಲ್ಲಿ ಟೆಂಪೋ ಗುದ್ದಿ ಮುರಿದ ಮೊಣಕಾಲ ಕೆಳಗಿನ ಮೂಳೆ ಇನ್ನೂ ಕೂಡಿಲ್ಲ. ರಾಡು ಹಾಕಿದರು, ಕೀವಾಯಿತು. ರಾಡು ತೆಗೆದು ಕೆಟ್ಟ ಮೂಳೆಯನ್ನೂ ಕೊರೆದು ತೆಗೆದರು. ಈಗ ನಡುವೆ ಎರಡು ಬೆರಳಷ್ಟು ಜಾಗ ಖಾಲಿ, ಅಲ್ಲಿಗೆ ಸದ್ಯಕ್ಕೆ ಎಂಥದೋ ಸಿಮೆಂಟು ತುಂಬಿದ್ದಾರೆ. ಹೊರಗಿನಿಂದ ಕಾಲಿಗೆ ಕಬ್ಬಿಣದ ಪಂಜರ. ಜೆ.ಪಿ. ನಗರದ ಆಸ್ಪತ್ರೆಯ ಡಾಕ್ಟರ್ ಸಂಗಮೇಶ ಅವರು ಸಿಮೆಂಟು ತೆಗೆದು ಮೂಳೆ ಬೆಳೆಸಬೇಕು ಎನ್ನುತ್ತಾರೆ. ಬೆಳೆಯದಿದ್ದರೆ ಏನು ಎಂದು ಕೇಳಿದೆ. ಬೆಳೆಯುವ ಮಾತನ್ನೇ ಆಡೋಣ ಎಂದರು. ನಾನೂ ಮಕ್ಕಳಿಗೆ ಹೀಗೆಯೇ ಹೇಳುತ್ತೇನೆ, ಫೇಲಾಗುವವರಿಗೆ.

ನೀನು ಮಾಡುತ್ತಿರುವುದು ಮೂಳೆಯ ಔಷಧಿಯೇ ಅಲ್ಲವೇ? ಯಾರು ಕೇಳಿದರೂ ನನ್ನ ತಮ್ಮ ವಿಜ್ಞಾನಿ, ಮುರಿದ ಮೂಳೆ ಕೂಡಿಸುತ್ತಾನೆ ಎಂದು ಹೇಳಿಕೊಂಡು ತಿರುಗುವವಳು ನಾನು. ಅದೇನು ಔಷಧಿ, ಯಾರಿಗೆ ಕೊಡುತ್ತಿದ್ದೀರಿ, ಗುಣ ಕಂಡಿದೆಯೇ, ಎಲ್ಲ ಬರೆ. ನನಗೆ ಅರ್ಥವಾಗುವ ಕನ್ನಡದಲ್ಲಿ ಬರೆ.

ನಿನ್ನ ಅಕ್ಕ,
ಸರ್ವಮಂಗಳಾ

&nbsp;

ಪುಣೆ
25 ಜೂನ್ 2023

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ನೋಡಿ ಸಂತೋಷವಾಯಿತು, ಕಾಲಿನ ವಿಷಯ ಓದಿ ಬೇಜಾರಾಯಿತು. ಬರಬೇಕೆಂದು ಬಹಳ ಇದೆ. ಆದರೆ ಈಗ ನಡೆಯುತ್ತಿರುವ ಚಿಕಿತ್ಸೆಯಲ್ಲಿ ದಿನಾ ಇಂಜೆಕ್ಷನ್ ಕೊಡಬೇಕು, ಒಂದು ದಿನ ತಪ್ಪಿದರೂ ಮಾಡಿದ್ದೆಲ್ಲ ವ್ಯರ್ಥ. ಅದಕ್ಕೇ ಅಲ್ಲಾಡುವ ಹಾಗಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಕುತ್ತಿಗೆಯಲ್ಲಿ ಥೈರಾಯ್ಡಿಗೆ ಅಂಟಿಕೊಂಡು ಕಾಳಿನಷ್ಟು ಚಿಕ್ಕ ಗ್ರಂಥಿಗಳಿವೆ. ಅವುಗಳಿಂದ ಒಂದು ಹಾರ್ಮೋನ್ ಬರುತ್ತದೆ. ಮೂಳೆ ಕರಗುವುದೂ ಕಟ್ಟುವುದೂ ಅದರ ಹಿಡಿತದಲ್ಲಿದೆ. ಆ ಹಾರ್ಮೋನಿನ ಒಂದು ಸಣ್ಣ ತುಣುಕನ್ನು ಮಾತ್ರ ನಾವು ತಯಾರಿಸುತ್ತೇವೆ. ಪೆಪ್ಟೈಡ್ ಎನ್ನುತ್ತಾರೆ. ಇದೇ ಜಾತಿಯ ಇಂಜೆಕ್ಷನ್ ಒಂದು ಅಂಗಡಿಯಲ್ಲಿ ಸಿಗುತ್ತದೆ, ಅದು ವಯಸ್ಸಾದವರ ಸವೆದ ಮೂಳೆಗೆ. ನಮ್ಮದು ಹೊಸದು.

ಹುಟ್ಟಿನಿಂದಲೇ ಕೆಲವರ ದೇಹದಲ್ಲಿ ಬೆಳವಣಿಗೆಗೆ ಬೇಕಾದ ಒಂದು ವಸ್ತು ಇರುವುದಿಲ್ಲ. ಅಂಥವರು ಗಿಡ್ಡಗಿರುತ್ತಾರೆ, ಮೂಳೆಯಲ್ಲಿ ತೂತು ಬಿದ್ದರೆ ಮುಚ್ಚುವುದಿಲ್ಲ. ನಮ್ಮ ರೋಗಿಗಳು ಅಂಥವರು. ಪೆಪ್ಟೈಡ್ ಕೊಟ್ಟ ಮೇಲೆ ಆ ಜಾಗ ತುಂಬಿಕೊಳ್ಳುತ್ತಿದೆ. ಒಬ್ಬಳದಂತೂ ಎಕ್ಸ್-ರೇಯಲ್ಲಿ ಎಲ್ಲಿ ಖಾಲಿಯಿತ್ತು ಎಂದು ಹುಡುಕಬೇಕು, ಅಷ್ಟು ಚೆನ್ನಾಗಿ ಕೂಡಿದೆ.

ಇನ್ನೊಂದು, ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಇದನ್ನು ಯಂತ್ರದಲ್ಲಿ ತಯಾರಿಸುತ್ತಾರೆ. ಇದರಲ್ಲಿ ಪ್ರಾಣಿಯ ಅಂಶ ಚೂರೂ ಇಲ್ಲ.

ಇದು ಎಲ್ಲರಿಗೂ ಸಿಗುವುದಕ್ಕೆ ಇನ್ನೂ ಕಾಲವಿದೆ. ನೀನು ಡಾಕ್ಟರು ಹೇಳಿದಂತೆ ಮಾಡು.

ನಿನ್ನ
ಕೈಲಾಸ

&nbsp;

ಇಟ್ಟಮಡು
9 ಜುಲೈ 2023

ಚಿ. ಕೈಲಾಸನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದವನ್ನು ಮುನಿಲಕ್ಷ್ಮಮ್ಮನವರಿಗೂ ಓದಿ ಹೇಳಿದೆ. ಎಲ್ಲ ಕೇಳಿ, ನಿಮ್ಮ ತಮ್ಮ ಮದುವೆ ಯಾವಾಗ ಆಗ್ತಾನೆ ಎಂದರು. ಅವರಿಗೆ ವಿಜ್ಞಾನ ಅಷ್ಟು ಹತ್ತಿತು.

ನನಗೆ ಮಾತ್ರ ಎದೆ ತುಂಬಿ ಬಂತು. ಅಪ್ಪ ತೀರಿಕೊಂಡಾಗ ನೀನು ನಾಲ್ಕನೇ ಕ್ಲಾಸು. ನಿನ್ನ ಕೊರಳಿಗೆ ಇಷ್ಟಲಿಂಗ ಕಟ್ಟಿಸಿದ ದಿನ ಸ್ವಾಮಿಗಳು ಯಾವ ಜೀವವನ್ನೂ ನೋಯಿಸಬಾರದು ಎಂದರು. ಆವತ್ತು ಸಂಜೆ ಸಕ್ಕರೆ ಡಬ್ಬಿಯ ಇರುವೆಗಳನ್ನು ಒಂದೊಂದಾಗಿ ಕಾಗದದ ಮೇಲೆ ಹತ್ತಿಸಿ ಅಂಗಳಕ್ಕೆ ಬಿಟ್ಟು ಬಂದೆ. ಅವಕ್ಕೆಲ್ಲ ಮನೆ ಗೊತ್ತಾಗುತ್ತಾ ಅಕ್ಕಾ ಎಂದು ಕೇಳಿದೆ. ಆ ಹುಡುಗ ಇವತ್ತು ನಡೆಯಲಾರದವರನ್ನು ನಡೆಸುತ್ತಿದ್ದಾನೆ. ಸೋಮಲಿಂಗಪ್ಪನ ಮಗ ಎಂದು ಹೇಳಿಕೊಳ್ಳಲು ಇನ್ನೇನು ಬೇಕು?

ಆದರೆ ಒಂದಕ್ಕೆ ಸಿಟ್ಟು ಬಂತು. ‘ಒಬ್ಬಳು’ ಎಂದು ಬರೆದಿದ್ದೀ. ಆ ಮಗುವಿಗೆ ಹೆಸರಿಲ್ಲವೇ? ನಿಮ್ಮಲ್ಲಿ ನಂಬರ್ ಹಾಕಿ ಕರೆಯುತ್ತೀರೇನು? ನನ್ನ ಕ್ಲಾಸಿನಲ್ಲಿ ಅರವತ್ತು ಮಕ್ಕಳಿದ್ದರೂ ರೋಲ್ ನಂಬರಿನಿಂದ ಒಬ್ಬರನ್ನೂ ಕರೆದವಳಲ್ಲ ನಾನು. ಹೆಸರು ಬರೆದು ಕಳಿಸು. ಪೂಜೆಯಲ್ಲಿ ನೆನೆಸಿಕೊಳ್ಳುತ್ತೇನೆ.

ಇನ್ನು ಮುಖ್ಯ ವಿಷಯ. ಮೊನ್ನೆ ಡಾಕ್ಟರು, “ಮೇಡಂ, ನಿಮ್ಮ ಸೊಂಟದ ಮೂಳೆ ತಗೊಂಡ್ರೂ ಅದು ಸಾಕಾಗಲ್ಲ. ಪ್ರಾಣಿ ಮೂಳೆಯಿಂದ ಮಾಡಿರೋ ಹರಳು ಬರ್ತವೆ, ಪೂರ್ತಿ ಶುದ್ಧ ಮಾಡಿರ್ತಾರೆ, ಅದನ್ನ ಸೇರಿಸಿ ತುಂಬಿಬಿಡೋಣ” ಎಂದರು. ಯಾವ ಪ್ರಾಣಿ ಎಂದು ಕೇಳಿದೆ. ನನ್ನ ಹಣೆಯ ವಿಭೂತಿ ನೋಡಿ ನೀರು ಕುಡಿದರು. ಬೇಡ ಎಂದುಬಿಟ್ಟೆ. ಲಿಂಗ ಧರಿಸಿದ ಮೈಯಲ್ಲಿ ಕೊಂದ ಪ್ರಾಣಿಯ ಮೂಳೆ ಇಟ್ಟುಕೊಂಡು ತಿರುಗಲಾರೆ. ನನ್ನ ತಮ್ಮ ಪ್ರಾಣಿಯ ಸೋಂಕೇ ಇಲ್ಲದ ಔಷಧಿ ಮಾಡಿದ್ದಾನೆ, ಅದಕ್ಕೆ ಕಾಯುತ್ತೇನೆ ಎಂದೆ. ನಿನ್ನ ಸಂಸ್ಥೆಯ ಹೆಸರು ಬರೆದುಕೊಂಡರು, ಸ್ವಲ್ಪ ದಿನ ನೋಡೋಣ ಎಂದರು. ಆತುರವೇನಿಲ್ಲ.

ನೀನು ಬರೆದಿರುವ ರೋಗಿಗಳಂತೆ ನಾನೂ ಗಿಡ್ಡ ತಾನೆ? ಇಡೀ ಶಾಲೆಗೆ ಕುಳ್ಳಿ ಮೇಡಂ. ಕರಿಹಲಗೆಯ ಮೇಲ್ತುದಿ ಎಟುಕದೆ ಸ್ಟೂಲು ಹತ್ತಿ ತಾರೀಖು ಬರೆಯುವವಳು. ಅವರಿಗಿಲ್ಲದ ವಸ್ತು ನನಗೂ ಇಲ್ಲದೆ ಇರಬೇಕು. ಕುಳ್ಳಾಗಿ ಹುಟ್ಟಿದ್ದಕ್ಕೆ ಮೊದಲ ಸಲ ಖುಷಿಪಡುತ್ತಿದ್ದೇನೆ.

ಅಕ್ಕ

&nbsp;

ಪುಣೆ
24 ಜುಲೈ 2023
(ಬರೆದದ್ದು, ಅಂಚೆಗೆ ಹಾಕಲಿಲ್ಲ)

ಅಕ್ಕ,

ಅವರು ರೋಗಿಗಳಲ್ಲ. ಇಲಿಗಳು. ಸಣ್ಣ, ಬಿಳಿ ಇಲಿಗಳು. ಆ ವಸ್ತು ಇಲ್ಲದೆಯೇ ಹುಟ್ಟುವಂತೆ ನಾವೇ ಅವುಗಳ ತಳಿ ಮಾಡಿದ್ದೇವೆ. ಮೂಳೆಯಲ್ಲಿ ತೂತು ತಾನಾಗಿ ಬಿದ್ದದ್ದಲ್ಲ. ಅರಿವಳಿಕೆ ಕೊಟ್ಟು ನಾನೇ ಕೊರೆಯುತ್ತೇನೆ. ಇಂಜೆಕ್ಷನ್ನು ನಾನೇ ಕೊಡುತ್ತೇನೆ. ಕೊನೆಗೆ ಗ್ಯಾಸು ಬಿಟ್ಟು ಕೊಂದು, ಕಾಲು ತೆಗೆದು, ಮೂಳೆ ಎಷ್ಟು ತುಂಬಿದೆ ಎಂದು ನೋಡುವವನೂ ನಾನೇ.

ಈ ಕೆಲಸಕ್ಕೆ ಸೇರಿದಾಗ ಕೊಲ್ಲುವ ಕೆಲಸ ಅಲ್ಲ ತಾನೆ ಎಂದು ನೀನು ಕೇಳಿದೆ. ಅಲ್ಲ ಎಂದೆ. ಆಗ ಅದು ಸಣ್ಣ ಮಾತಾಗಿತ್ತು. ನೀನು ಬೇರೆ ಊರಿನಲ್ಲಿದ್ದೆ, ನಾನು ಬೇರೆ ಊರಿನಲ್ಲಿದ್ದೆ, ನಿನಗೆ ನೋವಾಗುವುದು ಬೇಡ ಎನ್ನಿಸಿತು. ಈಗ ನೀನು ಆ ಮಾತಿನ ಮೇಲೆ ಕಾಲು ಊರಿ ನಿಂತಿದ್ದೀ.

ಹರಳು ಹಾಕಿಸಿಕೋ ಅಕ್ಕ. ನಾನು ಇಷ್ಟೊಂದು ಕೊಂದಿದ್ದೇನೆ, ನೀನು ಒಂದು ಹಿಡಿ ಹರಳಿಗೆ

&nbsp;

ಪುಣೆ
30 ಜುಲೈ 2023

ಪ್ರೀತಿಯ ಅಕ್ಕನಿಗೆ,

ಉತ್ತರ ತಡವಾಯಿತು, ಕೆಲಸ ಹೆಚ್ಚಿತ್ತು. ಆ ಹುಡುಗಿಯ ಹೆಸರು ತುಂಗಾ. ಚುರುಕಾಗಿದ್ದಾಳೆ. ಬೇರೆಯವರು ಮೂಲೆ ಹಿಡಿದು ಕುಳಿತಿದ್ದರೆ ಇವಳು ಮೊದಲಿನಿಂದಲೂ ಕಾಲು ಎಳೆದುಕೊಂಡಾದರೂ ಓಡಾಡುತ್ತಿದ್ದವಳು. ಬಾಗಿಲು ತೆಗೆದ ಸದ್ದಾದರೆ ಮೊದಲು ಬರುವವಳೂ ಅವಳೇ.

ಹರಳಿನ ವಿಷಯ. ಅದನ್ನು ಬೇಡ ಎನ್ನಬೇಡ. ಬಹಳ ಶುದ್ಧ ಮಾಡಿರುತ್ತಾರೆ, ಕೊನೆಗೆ ಉಳಿಯುವುದು ಬರೀ ಸುಣ್ಣದಂಥ ಪದಾರ್ಥ, ಅದರಲ್ಲಿ ಜೀವವೆನ್ನುವುದು ಇರುವುದಿಲ್ಲ. ತಪ್ಪೇನಿಲ್ಲ ಎಂದು ನನಗನಿಸುತ್ತದೆ. ನಮ್ಮ ಔಷಧಿಗೆ ಕಾಯುವುದು ಬೇಡ. ಅದು ಆ ಕೊರತೆ ಇರುವವರಿಗೆ ಮಾತ್ರ. ಗಿಡ್ಡಗಿರುವವರಿಗೆಲ್ಲ ಆ ಕೊರತೆ ಇರುತ್ತದೆ ಎಂದಲ್ಲ. ಬೇಕಾದರೆ ರಕ್ತ ಪರೀಕ್ಷೆ ಮಾಡಿಸು.

ಕೈಲಾಸ

&nbsp;

ಇಟ್ಟಮಡು
14 ಆಗಸ್ಟ್ 2023

ಚಿ. ಕೈಲಾಸನಿಗೆ,

ತಪ್ಪೇನಿಲ್ಲ ಎಂದು ನಿನಗನಿಸುತ್ತದೆ! ಮುನಿಲಕ್ಷ್ಮಮ್ಮನವರೂ ಅದನ್ನೇ ಹೇಳಿದರು. “ಮೇಡಮ್ಮೋರೆ, ಕಾಲು ಮುಖ್ಯನೋ, ಯಾವ ಮೂಳೆ ಅನ್ನೋದು ಮುಖ್ಯನೋ? ಹಾಕುಸ್ಕಳಿ ಸುಮ್ನೆ” ಎಂದರು. ಅವರು ಹೇಳಬಹುದು. ಅವರ ಮನೆಯಲ್ಲಿ ಭಾನುವಾರ ಕೋಳಿ ಕೂಗುವುದಿಲ್ಲ, ಬೇಯುತ್ತದೆ. ಅದು ಅವರ ದಾರಿ, ಬಚ್ಚಿಟ್ಟುಕೊಂಡು ತಿನ್ನುವವರಲ್ಲ. ನೀನು ಯಾವ ದಾರಿಯಲ್ಲಿ ನಿಂತು ನನಗೆ ಈ ಬುದ್ಧಿ ಹೇಳುತ್ತೀ? ನಿನ್ನ ಕೈ ಶುದ್ಧವಾಗಿ ಇಟ್ಟುಕೊಂಡು ಅಕ್ಕನಿಗೆ ಮಾತ್ರ ಪರವಾಗಿಲ್ಲ ಎನ್ನುವುದು ಸುಲಭ. ನನಗೆ ವಯಸ್ಸಾಯಿತು, ಇನ್ನು ನೇಮ ಯಾಕೆ, ಹೇಗೋ ನಡೆದರೆ ಸಾಕು ಎಂದು ತಾನೆ? ನೀನು ಮಾಡದ್ದನ್ನು ನನ್ನ ಕೈಲಿ ಮಾಡಿಸಬೇಡ.

ಸಿಟ್ಟು ಇಷ್ಟಕ್ಕೆ ಸಾಕು. ತುಂಗಾ ಎಂಬ ಹೆಸರು ಎಷ್ಟು ಚೆನ್ನಾಗಿದೆ. ಕನ್ನಡದ ಮಗುವೇ ಇರಬೇಕು, ಅಷ್ಟು ದೂರ ಹೋಗಿ ಬಿದ್ದಿದೆ ಪಾಪ. ಜಯನಗರ ನಾಲ್ಕನೇ ಬ್ಲಾಕಿನಿಂದ ಒಂದು ಫ್ರಾಕು ತರಿಸಿ ಈ ಕಾಗದದ ಜೊತೆಗೇ ಪಾರ್ಸೆಲ್ ಮಾಡಿದ್ದೇನೆ. ಅಳತೆ ತಿಳಿಯದೆ ಸಣ್ಣದನ್ನೇ ತರಿಸಿದೆ, ಗಿಡ್ಡಗಿರುತ್ತಾರೆ ಎಂದು ನೀನೇ ಬರೆದಿದ್ದೆಯಲ್ಲ. ನಿನಗೆ ಹುರುಳಿ ಚಟ್ನಿಪುಡಿ ಇದೆ. ಉಳಿದ ರೋಗಿಗಳಿಗೂ ಹಂಚು, ಆಸ್ಪತ್ರೆಯ ಊಟ ಎಲ್ಲಿ ಹೋದರೂ ಒಂದೇ.

ಮೊನ್ನೆ ಡಾಕ್ಟರ್ ಹತ್ತಿರ ಅವಳ ಸುದ್ದಿ ಹೇಳಿದೆ. ಇಂಥದ್ದು ಹೇಳಿದರೆ ಕೆಲವರು ನಗುತ್ತಾರೆ, ಇವರು ನಗಲಿಲ್ಲ. ಅಷ್ಟು ಚೆನ್ನಾಗಿ ಕೂಡಿದ್ದರೆ ನಾನೂ ತಿಳಿದುಕೊಳ್ಳಬೇಕು ಎಂದರು.

ಸ್ವಲ್ಪ ಜ್ವರ ಬಂದಿತ್ತು. ಹವೆ ಬದಲಾಗಿದೆ, ಬೀದಿಯಲ್ಲಿ ಎಲ್ಲರಿಗೂ ಇದೆ.

ಅಕ್ಕ

&nbsp;

ಪುಣೆ
20 ಸೆಪ್ಟೆಂಬರ್ 2023

ಪ್ರೀತಿಯ ಅಕ್ಕನಿಗೆ,

ಪಾರ್ಸೆಲ್ ಬಂದು ಬಹಳ ದಿನವಾಯಿತು. ಚಟ್ನಿಪುಡಿ ಲ್ಯಾಬಿನಲ್ಲಿ ಎಲ್ಲರೂ ತಿಂದರು.

ಇಲ್ಲಿ ಒಂದು ಹಂತ ಮುಗಿಯಿತು. ಫಲಿತಾಂಶ ಒಳ್ಳೆಯದಿದೆ, ನಮ್ಮ ಮುಖ್ಯಸ್ಥರಿಗೆ ತುಂಬಾ ಸಂತೋಷ. ಕೊರತೆ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಮೂಳೆ ತುಂಬಿದೆ. ಕೊರತೆ ಇಲ್ಲದವರಿಗೂ ಹೋಲಿಕೆಗೆಂದು ಕೊಟ್ಟಿದ್ದೆವು, ಅವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ತುಂಗಾಳ ಚಿಕಿತ್ಸೆಯೂ ಮುಗಿಯಿತು. ಮನೆಗೆ ಹೋದಳು. ಫ್ರಾಕು ತಲುಪಿಸಿದ್ದೇನೆ.

ನಿನ್ನ ಜ್ವರ ಹೋಯಿತೇ? ಹರಳಿನ ಬಗ್ಗೆ ಏನು ತೀರ್ಮಾನ ಮಾಡಿದೆ?

ಕೈಲಾಸ

&nbsp;

ಇಟ್ಟಮಡು
3 ಅಕ್ಟೋಬರ್ 2023

ಚಿ. ಕೈಲಾಸನಿಗೆ ಅಕ್ಕನ ಆಶೀರ್ವಾದ.

ತುಂಗಾ ಮನೆಗೆ ಹೋದಳೆಂದು ಓದಿ, ಎಷ್ಟೋ ದಿನದ ಮೇಲೆ ಮನೆಯಲ್ಲಿ ಸಿಹಿ ಮಾಡಿಸಿದೆ. ಮುನಿಲಕ್ಷ್ಮಮ್ಮನವರು ಶಾವಿಗೆ ಪಾಯಸ ಮಾಡಿ, ನಿಮ್ಮ ಮನೆ ಮಗು ಎದ್ದು ಓಡಾಡಿದಷ್ಟು ಖುಷಿ ಪಡುತ್ತೀರಲ್ಲ ಎಂದರು. ನಿಜ ಹೇಳಲೇ? ನನಗೆ ಅವಳು ನಡೆದದ್ದು ನಾನೇ ನಡೆದಷ್ಟು ಧೈರ್ಯ ಕೊಟ್ಟಿದೆ.

ರಕ್ತ ಪರೀಕ್ಷೆ ಮಾಡಿಸಿದೆ. ನನಗೆ ಯಾವ ಕೊರತೆಯೂ ಇಲ್ಲವಂತೆ. ಬರೀ ಅಮ್ಮನ ಕಡೆಯ ಕುಳ್ಳು. ಮೊದಲು ನಿರಾಶೆಯಾಯಿತು. ಆಮೇಲೆ ಯೋಚಿಸಿದೆ. ಏನೂ ಇಲ್ಲದ ಆ ಮಕ್ಕಳಿಗೇ ಮೂಳೆ ತುಂಬಿದೆ ಎಂದಮೇಲೆ ಎಲ್ಲ ಸರಿಯಿರುವ ನನಗೆ ಇನ್ನೂ ಬೇಗ ತುಂಬಬೇಕು. ವ್ಯತ್ಯಾಸ ಕಾಣಲಿಲ್ಲ ಎಂದು ನೀನು ಬರೆದಿರುವುದು ಅದಕ್ಕೇ ಇರಬೇಕು, ಅವರದು ಹೇಗೂ ತುಂಬಿಕೊಂಡಿರುತ್ತದೆ. ಆದರೆ ನನ್ನದು ತಾನಾಗಿ ತುಂಬುತ್ತಿಲ್ಲವಲ್ಲ.

ಈಗ ಕೇಳು. ಸಿಮೆಂಟನ್ನು ಹಾಗೇ ಬಿಡುವಂತಿಲ್ಲ, ಪಂಜರದ ಕಡ್ಡಿಗಳ ಸುತ್ತ ಕೆಂಪಾಗಿದೆ, ದೀಪಾವಳಿಯೊಳಗೆ ಒಂದು ದಾರಿ ಆಗಲೇಬೇಕು ಎಂದು ಡಾಕ್ಟರು ಹೇಳುತ್ತಿದ್ದಾರೆ. ಜುಲೈಯಿಂದಲೂ ಹೇಳುತ್ತಿದ್ದಾರೆ. ನಿನಗೆ ತಿಳಿಸಿದರೆ ಗಾಬರಿಯಾಗುತ್ತೀ ಎಂದು ಸುಮ್ಮನಿದ್ದೆ. ಈಗ ಅವರೇ ಒಂದು ಉಪಾಯ ಹೇಳಿದ್ದಾರೆ. ಬೇರೆ ರೋಗಿಗಳಿಗೆ ಕೊಟ್ಟು ಗುಣವಾಗಿದ್ದರೆ ವಿಶೇಷ ಅನುಮತಿ ತೆಗೆದುಕೊಂಡು ನನಗೂ ಕೊಡಬಹುದಂತೆ. ನಿಮ್ಮ ಸಂಸ್ಥೆಗೆ ಫೋನ್ ಮಾಡಿ ತುಂಗಾಳ ವಿವರ ಕೇಳುತ್ತಾರಂತೆ. ನಿನ್ನ ಮುಖ್ಯಸ್ಥರಿಗೆ ಮೊದಲೇ ಹೇಳಿಡು.

ಅಕ್ಕ

&nbsp;

ಪುಣೆ
9 ಅಕ್ಟೋಬರ್ 2023
ಸ್ಪೀಡ್ ಪೋಸ್ಟ್

ಅಕ್ಕ,

ನಿನ್ನೆಯಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಡಾಕ್ಟರಿಗೆ ಫೋನ್ ಮಾಡುವುದು ಬೇಡ ಎಂದು ಹೇಳು. ಅವರು ಹೇಳಿದ ಹರಳು ಈಗಲೇ ಹಾಕಿಸಿಕೋ. ನಮ್ಮ ಔಷಧಿ ನಿನಗೆ ಕೆಲಸ ಮಾಡುವುದಿಲ್ಲ. ವ್ಯತ್ಯಾಸ ಕಾಣಲಿಲ್ಲ ಎಂದರೆ ಉಪಯೋಗವಾಗಲಿಲ್ಲ ಎಂದೇ ಅರ್ಥ. ಯಾಕೆ, ಏನು ಎಂದು ಈಗ ಕೇಳಬೇಡ. ನನ್ನಾಣೆ, ಹಾಕಿಸಿಕೋ.

ಕೈಲಾಸ

&nbsp;

ಪುಣೆ
17 ಅಕ್ಟೋಬರ್ 2023

ಅಕ್ಕ,

ಇವತ್ತು ಮುಖ್ಯಸ್ಥರು ಕರೆದು, ಸ್ವಲ್ಪ ದಿನದ ಹಿಂದೆ ಬೆಂಗಳೂರಿನ ಯಾರೋ ಡಾಕ್ಟರು ತುಂಗಾ ಎಂಬ ಪೇಷಂಟ್ ಬಗ್ಗೆ ಕೇಳಿದ್ದರಂತೆ, ಯಾರದು ಎಂದು ಕೇಳಿದರು. ನಿನಗೆ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ಆದರೂ ನನ್ನ ಕೈಯಿಂದಲೇ ಬರೆಯಬೇಕು.

ಅವರು ಇಲಿಗಳು ಅಕ್ಕ. ರೋಗಿಗಳಲ್ಲ. ಎಂಟು ವರ್ಷದಿಂದ ನಾನು ಮಾಡುತ್ತಿರುವುದು ಅದೇ. ಮೂಳೆ ಕೊರೆದು, ಇಂಜೆಕ್ಷನ್ ಕೊಟ್ಟು, ಕೊನೆಗೆ ಕೊಲ್ಲುವುದು. ತುಂಗಾ ಇದ್ದದ್ದು ನಿಜ. ಅವಳು ಬಾಗಿಲ ಸದ್ದಿಗೆ ಓಡಿಬರುತ್ತಿದ್ದದ್ದೂ ನಿಜ. ಹೆಸರು ಮಾತ್ರ ನಿನ್ನ ಕಾಗದ ಬಂದಮೇಲೆ ಇಟ್ಟದ್ದು. ಅದುವರೆಗೂ ಅವಳಿಗೆ ಕಿವಿಯಲ್ಲಿ ಕತ್ತರಿಸಿದ ಗುರುತೊಂದೇ ಇತ್ತು. ಮನೆಗೆ ಹೋದಳು ಎಂದು ಬರೆದ ಹಿಂದಿನ ದಿನ ಅವಳನ್ನು ಕೊಂದೆ. ಫ್ರಾಕು ನನ್ನ ಡ್ರಾಯರಿನಲ್ಲಿದೆ.

ಇಲಿಗಳಿರುವ ಕೋಣೆಗೆ ಹೋಗುವ ಮುನ್ನ ಬಟ್ಟೆ ಬದಲಿಸಬೇಕು, ಮೈಮೇಲಿನದ್ದೆಲ್ಲ ತೆಗೆದಿಡಬೇಕು. ಲಿಂಗವನ್ನೂ ಲಾಕರಿನಲ್ಲಿ ಇಟ್ಟು ಹೋಗುತ್ತೇನೆ. ಹೊರಗೆ ಬಂದು ಸ್ನಾನ ಮಾಡಿ ಮತ್ತೆ ಕಟ್ಟಿಕೊಳ್ಳುತ್ತೇನೆ.

ನಿನಗೆ ನೋವಾಗಬಾರದು ಎಂದು ಸುಳ್ಳು ಹೇಳಿದೆ. ನಾನು ಕೊಲ್ಲುವವನು ಎಂದು ಗೊತ್ತಾದರೆ ನೀನು ನನ್ನ ಮುಖ ನೋಡುವುದಿಲ್ಲ ಎಂಬ ಭಯವೂ ಇತ್ತು. ಅದೇ ಹೆಚ್ಚಿತ್ತು. ಫೋನ್ ಎತ್ತು ಅಕ್ಕ. ಮುನಿಲಕ್ಷ್ಮಮ್ಮನವರು ಎತ್ತಿದರೆ ಮಲಗಿದಾರೆ, ಮಲಗಿದಾರೆ ಎನ್ನುತ್ತಾರೆ. ನಾನು ಬರಲೇ?

ಕೈಲಾಸ

&nbsp;

ಇಟ್ಟಮಡು
20 ನವೆಂಬರ್ 2023

ಕೈಲಾಸನಿಗೆ,

ನಿನ್ನ ಕಾಗದಗಳು ಬಂದಿವೆ. ಬರಲೇ ಎಂದು ಕೇಳಿದ್ದೀ. ಬರುವವರು ಕೇಳುವುದಿಲ್ಲ, ಬಸ್ಸು ಹತ್ತುತ್ತಾರೆ.

ನಿನ್ನ ಸ್ಪೀಡ್ ಪೋಸ್ಟ್ ಬರುವ ಮೊದಲೇ ಡಾಕ್ಟರು ಪುಣೆಗೆ ಫೋನ್ ಮಾಡಿ, ನನ್ನನ್ನು ಆಸ್ಪತ್ರೆಗೆ ಕರೆಸಿಕೊಂಡು ಬಾಗಿಲು ಮುಚ್ಚಿ ಕುಳಿತರು. “ಮೇಡಂ, ಅಲ್ಲಿ ಪೇಷಂಟ್ಸೇ ಇಲ್ಲ. ಎಲ್ಲ ಇಲಿ ಮೇಲೆ ಮಾಡ್ತಿರೋದು. ತುಂಗಾ ಅಂತ ಯಾರೂ ಇಲ್ಲ” ಎಂದರು. ನೀವು ಬೇರೆ ಕಡೆ ಫೋನ್ ಮಾಡಿದ್ದೀರಿ, ಅವಳಿಗೆ ನಾನೇ ಫ್ರಾಕು ಕಳಿಸಿದ್ದೇನೆ ಎಂದು ವಾದ ಮಾಡಿದೆ. ಅವರು ತಲೆ ತಗ್ಗಿಸಿದರು. ನಾಚಿಕೆಪಡಬೇಕಾದ್ದು ನಾನು, ಪಾಪ ಅವರು ಪಟ್ಟರು.

ಹಾಗಾದರೆ ಹರಳು ಹಾಕಿಬಿಡಿ ಎಂದೆ. ಹೌದು, ನಾನೇ ಹೇಳಿದೆ, ತಕ್ಷಣವೇ ಹೇಳಿದೆ. ಯಾವ ಪ್ರಾಣಿಯದಾದರೂ ಆಗಲಿ ಎಂದೆ. “ಈಗ ಹಾಕೋ ಹಾಗಿಲ್ಲ ಮೇಡಂ. ಒಳಗೆ ಪೂರ್ತಿ ಕೀವಾಗಿದೆ” ಎಂದರು. ಆಗಸ್ಟಿನಿಂದ ಜ್ವರ ಬರುತ್ತಿದ್ದದ್ದನ್ನು ನಾನು ಅವರಿಗೂ ಹೇಳಿರಲಿಲ್ಲ, ಮೆಡಿಕಲ್ ಸ್ಟೋರಿನಿಂದ ಮಾತ್ರೆ ತರಿಸಿ ನುಂಗುತ್ತಿದ್ದೆ. ಹೇಳಿದರೆ ಕಾಯಲು ಬಿಡುವುದಿಲ್ಲ ಎಂದು ಗೊತ್ತಿತ್ತು. ಅದು ನನ್ನ ತಪ್ಪು, ನಿನ್ನ ತಲೆಗೆ ಕಟ್ಟುವುದಿಲ್ಲ. ಉಳಿದದ್ದು ನಿನ್ನದು.

ದೀಪಾವಳಿಯ ಹಿಂದಿನ ವಾರ ಮೊಣಕಾಲಿನಿಂದ ಕೆಳಕ್ಕೆ ತೆಗೆದರು. ಮುನಿಲಕ್ಷ್ಮಮ್ಮನವರಿಗೆ ಫೋನ್ ಕೊಟ್ಟು, ಮಲಗಿದ್ದಾರೆ ಎಂದು ಹೇಳಿ ಎಂದು ಹೇಳಿಕೊಟ್ಟವಳು ನಾನೇ.

ಇಲಿ ಕೊಂದದ್ದಕ್ಕೆ ನನಗೆ ಸಿಟ್ಟು ಎಂದು ನೀನು ತಿಳಿದಿದ್ದರೆ, ನಿನಗೆ ನಾನು ಇನ್ನೂ ಗೊತ್ತಿಲ್ಲ. ಜೂನ್ ತಿಂಗಳಲ್ಲಿ ನೀನು ನಿಜ ಬರೆದಿದ್ದರೆ ಅಳುತ್ತಿದ್ದೆ. ಬೈಯುತ್ತಿದ್ದೆ. ಒಂದು ತಿಂಗಳು ಮಾತು ಬಿಡುತ್ತಿದ್ದೆ. ಆಮೇಲೆ ಜೆ.ಪಿ. ನಗರಕ್ಕೆ ಹೋಗಿ ಹರಳು ಹಾಕಿಸಿಕೊಂಡು ಬರುತ್ತಿದ್ದೆ. ಯಾಕೆಂದರೆ ನಮ್ಮ ಮನೆಯಲ್ಲಿ ನೇಮ ಆಗಲೇ ಮುರಿದಿದೆ ಎಂದು ಗೊತ್ತಾಗಿರುತ್ತಿತ್ತು. ನೀನು ಕಾಯ್ದುಕೊಂಡು ಬಂದಿದ್ದೀಯ ಎಂದುಕೊಂಡು ನಾನು ಕಾಯ್ದೆ. ಇಲ್ಲದ್ದಕ್ಕೆ ಕಾವಲು ಕುಳಿತೆ. ನಾನು ಮುಖ ನೋಡುವುದಿಲ್ಲ ಎಂದು ನೀನೇ ತೀರ್ಮಾನ ಮಾಡಿದೆ, ನನ್ನನ್ನು ಒಂದು ಮಾತು ಕೇಳದೆ. ಸಾಕಿ ಬೆಳೆಸಿದವಳಿಗೆ ಅಷ್ಟು ಅವಕಾಶವೂ ಇಲ್ಲವಾಯಿತು.

ಲಾಕರಿನ ವಿಷಯ ಬರೆಯದಿದ್ದರೇ ಚೆನ್ನಾಗಿತ್ತು. ಆಪರೇಷನ್ ದಿನ ನನಗೂ ಲಿಂಗ ತೆಗೆದಿಡಿ ಎಂದರು. ತೆಗೆಯಲಿಲ್ಲ. ಬಟ್ಟೆಯಲ್ಲಿ ಸುತ್ತಿ ಅಂಗೈಗೆ ಬಿಗಿಯಾಗಿ ಕಟ್ಟಿಸಿಕೊಂಡೆ, ಒಪ್ಪಿದರು. ಕೇಳಿದರೆ ಒಪ್ಪುತ್ತಾರೆ ಕೈಲಾಸ. ನೀನು ಯಾವತ್ತಾದರೂ ಕೇಳಿದ್ದೆಯಾ?

ಈಗ ಬರೆಯಬೇಕಾದ್ದು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಅಪ್ಪನನ್ನು ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡಿದ್ದನ್ನು ನೀನೂ ನೋಡಿದ್ದೀ. ಕಾಲನ್ನೂ ಹಾಗೇ ಮಣ್ಣಿಗೆ ಕೊಡಬೇಕು ಎಂದು ಕೇಳಿಕೊಂಡೆ. ಆಸ್ಪತ್ರೆಯವರು ಒಳ್ಳೆಯವರು, ಕೊಡುತ್ತೇವೆ, ಆದರೆ ರಕ್ತಸಂಬಂಧಿ ಯಾರಾದರೂ ಬಂದು ಸಹಿ ಹಾಕಿ ತೆಗೆದುಕೊಳ್ಳಬೇಕು ಎಂದರು. ನನಗಿರುವ ರಕ್ತಸಂಬಂಧಿ ನೀನೊಬ್ಬನೇ. “ತಮ್ಮನಿಗೆ ಫೋನ್ ಮಾಡ್ಲಾ ಮೇಡಮ್ಮೋರೆ” ಎಂದು ಮುನಿಲಕ್ಷ್ಮಮ್ಮನವರು ಫೋನ್ ಹಿಡಿದುಕೊಂಡು ನಿಂತಿದ್ದರು. ಬೇಡ ಎಂದೆ. ಬಂದು ನನ್ನ ಕಾಲನ್ನು ಕೈಯಲ್ಲಿ ಹಿಡಿದುಕೊಂಡು ನೀನು ಅತ್ತರೆ ನಾನು ಕರಗಿಬಿಡುತ್ತೇನೆ ಎಂದು ಹೆದರಿಕೆಯಾಯಿತು. ಕರಗುವುದು ನನಗೆ ಬೇಕಿರಲಿಲ್ಲ.

ಹಾಗಾಗಿ ಅದು ಸುಡುವುದಕ್ಕೇ ಹೋಯಿತು. ತೆಗೆದುಕೊಂಡು ಹೋಗುವಾಗ ಬಾಗಿಲಿನಲ್ಲಿ ನೋಡಿದೆ. ಹಳದಿ ಚೀಲದಲ್ಲಿ ಹಾಕಿ ಕಟ್ಟಿದ್ದರು. ಯಾಕೆ ಹಳದಿ ಎಂದು ನರ್ಸನ್ನು ಕೇಳಿದೆ. ಮನುಷ್ಯರದಾಗಲಿ ಪ್ರಾಣಿಗಳದಾಗಲಿ, ಮೈಯಿಂದ ತೆಗೆದದ್ದನ್ನೆಲ್ಲ ಹಾಕುವುದಕ್ಕೆ ದೇಶಕ್ಕೆಲ್ಲ ಅದೇ ಬಣ್ಣ, ಅದೇ ನಿಯಮ ಎಂದಳು. ಆ ಹುಡುಗಿಗೆ ನಾನು ಯಾಕೆ ಕೇಳಿದೆ ಎಂದು ಗೊತ್ತಿಲ್ಲ.

ಅಂದಿನಿಂದ ಒಂದೇ ಯೋಚನೆ. ಬೇರೆ ಏನೂ ಕೇಳುವುದಿಲ್ಲ, ಕ್ಷಮೆಯ ಮಾತು ಬರೆಯಬೇಡ, ಬರುವುದೂ ಬೇಡ. ಇದೊಂದಕ್ಕೆ ನಿಜ ಹೇಳು. ಕೊಂದಮೇಲೆ ತುಂಗಾಳನ್ನು ಯಾವುದರಲ್ಲಿ ಹಾಕಿದೆ?

ಸರ್ವಮಂಗಳಾ

&nbsp;

ಪುಣೆ
28 ನವೆಂಬರ್ 2023

ಅಕ್ಕ,

ಹಳದಿ ಚೀಲದಲ್ಲಿ.

ಕೈಲಾಸ